ಬೀಗದೊಳಗಿನ ಹುಲ್ಲು

"ತಪ್ಪಾಗೋಯ್ತು ಅಮ್ಮಾರೆ, ನನ್ನಿಂದ್ಲೇ ಆಗೋಯ್ತು" ಎನ್ನುತ್ತ ಪುಟ್ಟಮಾದಮ್ಮ ಕಾಲು ಮುಟ್ಟಲು ಬಗ್ಗಿದಾಗ ಗಿರಿಜಾಂಬಾ ತಟ್ಟನೆ ಹಿಂದೆ ಸರಿದಳು. ಸುತ್ತ ನಿಂತವರು ಅದನ್ನು ದೊಡ್ಡತನ ಎಂದುಕೊಂಡರು. ಎದುರು ಮನೆಯ ಪ್ರೇಮಲೀಲಾ ಅಂತೂ, "ನೀವಾಗಿದ್ದಕ್ಕೆ ಸುಮ್ನಿದ್ದೀರಿ ಗಿರಿಜಮ್ಮನೋರೆ, ಬೇರೆಯವರಾಗಿದ್ರೆ ಕೂಗಾಡಿಬಿಡ್ತಿದ್ರು" ಎಂದು ಬಾಯಿಬಿಟ್ಟು ಹೇಳಿದಳು. ಗಿರಿಜಾಂಬಾ ತಲೆಯೆತ್ತಲಿಲ್ಲ. ಅವಳ ಚಪ್ಪಲಿಯಡಿಯ ಬೂದಿ ಇನ್ನೂ ಬೆಚ್ಚಗಿತ್ತು.

ಬೋಗಾದಿಯ ಹೊಸ ಬಡಾವಣೆಯ ಕೊನೆಯ ಸಾಲಿನಲ್ಲಿದ್ದ ಅವಳ ಸೈಟು ಹಿಂದಿನ ಮಧ್ಯಾಹ್ನ ಹತ್ತಿ ಉರಿದಿತ್ತು. ಎದೆಮಟ್ಟ ಬೆಳೆದು ಒಣಗಿದ್ದ ಹುಲ್ಲು, ನಡುವೆ ತಲೆಯೆತ್ತಿದ್ದ ಕಾಂಗ್ರೆಸ್ ಗಿಡ, ಸುತ್ತಲೂ ಒಟ್ಟಿದ್ದ ಜಾಲಿ ಮುಳ್ಳಿನ ಬೇಲಿ, ಎಲ್ಲವೂ ಹೋಗಿ ನೆಲ ಕಪ್ಪಗೆ ಬೋಳಾಗಿತ್ತು. ಉಳಿದದ್ದು ಮುಂದಿನ ಕಬ್ಬಿಣದ ಗೇಟು, ಅದಕ್ಕೆ ನೇತುಬಿದ್ದ ದಪ್ಪ ಬೀಗ. ಬೇಲಿಯ ಆಚೆಗೆ ಬಡಾವಣೆ ಮುಗಿದು ಹಳೆಯ ಊರು ಶುರುವಾಗುತ್ತಿತ್ತು. ಅಲ್ಲಿನ ಮೊದಲನೆಯ ಮನೆಯೇ ಪುಟ್ಟಮಾದಮ್ಮನದು. ಮನೆಗೆ ಏನೂ ಆಗಿರಲಿಲ್ಲ. ಬೇಲಿಗೆ ಒತ್ತಿದಂತೆ ಇದ್ದ ಗರಿಯ ಕೊಟ್ಟಿಗೆ ಮಾತ್ರ ಕುಸಿದು ಬಿದ್ದಿತ್ತು. ಅದರೊಳಗೆ ಕಟ್ಟಿದ್ದ ಕೆಂದ ಹಸುವಿನ ಮೇಲೆ ಯಾರೋ ಗೋಣಿಚೀಲ ಹೊದಿಸಿದ್ದರು. ಹಗ್ಗ ಬಿಚ್ಚಲು ಹೋಗಿ ಸುಟ್ಟುಕೊಂಡ ಬಲಗೈಗೆ ಪುಟ್ಟಮಾದಮ್ಮ ಹಳೆ ಸೀರೆಯ ತುಂಡು ಸುತ್ತಿದ್ದಳು.

"ನೆನ್ನೆ ಬೆಳಿಗ್ಗೆ ಒಲೆ ಬೂದಿ ತಂದು ಬೇಲಿ ಮಗ್ಗುಲಿಗೆ ಸುರಿದಿದ್ದೆ ಬುದ್ದಿ" ಎಂದು ಅವಳು ಈಗ ಪಂಚಾಯ್ತಿ ಸೆಕ್ರೆಟರಿ ಪುಟ್ಟಸ್ವಾಮಿಯ ಕಡೆ ತಿರುಗಿದಳು. "ಆರಿ ಓಗದೆ ಅಂದ್ಕಂಡಿದ್ದೆ. ಒಳಗೆ ಕೆಂಡ ಇತ್ತೇನೋ ಕಾಣೆ. ಸುರಿದ್ಬುಟ್ಟು ಕೆರೆ ಕಡೆ ಉಲ್ಲಿಗೆ ಒಂಟೋದೆ. ಬಂದು ನೋಡ್ತೀನಿ, ಉರೀತಾ ಅದೆ."

"ಇವ್ಳ ಕೈ ಬಿದ್ದೋಗ" ಎಂದು ಅವಳ ಗಂಡ ಮಹದೇವಯ್ಯ ದೂರದಲ್ಲಿ ಕುಕ್ಕರುಗಾಲಲ್ಲಿ ಕೂತಲ್ಲಿಂದಲೇ ಅಂದ. ಆ ದನಿಯಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಾಗಿತ್ತು. ಗಾರೆ ಕೆಲಸದಲ್ಲಿದ್ದವನು ಹೊಗೆ ನೋಡಿ ಓಡಿ ಬಂದು, ಒಳಗೆ ನುಗ್ಗಿ ಆರಿಸಬೇಕೆಂದು ಗೇಟಿನ ಬೀಗಕ್ಕೆ ಕಲ್ಲಿನಿಂದ ಹೊಡೆದೂ ಹೊಡೆದೂ ಸೋತಿದ್ದ. ಬೀಗದ ಮೈಮೇಲೆ ಕಲ್ಲೇಟಿನ ಬಿಳಿ ಗೀರುಗಳು ಕಾಣುತ್ತಿದ್ದವು.

ಪುಟ್ಟಸ್ವಾಮಿ ಗಟ್ಟಿ ರಟ್ಟಿನ ಮೇಲೆ ಕಾಗದವಿಟ್ಟುಕೊಂಡು ಮಹಜರು ಬರೆಯುತ್ತಿದ್ದ. ಕೆಟ್ಟ ಮನುಷ್ಯನಲ್ಲ. "ನೋಡಿ ಅಮ್ಮ, ಇದು ನಾನು ಮಾಡಿದ ಕಾನೂನಲ್ಲ" ಎಂದು ಗಿರಿಜಾಂಬಾಳಿಗೆ ಹೇಳಿದ. "ಖಾಲಿ ಸೈಟಲ್ಲಿ ಒಣಹುಲ್ಲು ಬೆಳೆಯೋಕೆ ಬಿಡಬಾರದು, ತೆಗೆಸೋದು ಮಾಲೀಕರ ಹೊಣೆ. ಆಟೋದಲ್ಲಿ ಮೈಕ್ ಕಟ್ಟಿ ಬೀದಿಬೀದಿ ಸಾರಿಸಿದ್ವಿ. ಈ ಮೇಡಂ ನಿಮಗೆ ಫೋನೂ ಮಾಡಿದ್ರಂತೆ."

"ಶಿವರಾತ್ರಿಗೆ ಮುಂಚೇನೇ ಮಾಡಿದ್ದೆ" ಎಂದಳು ಪ್ರೇಮಲೀಲಾ.

"ಯುಗಾದಿ ಆಗ್ಲಿ, ತೆಗೆಸೋಣ ಅಂತಿದ್ವಿ" ಎಂದಳು ಗಿರಿಜಾಂಬಾ.

"ಇರಲಿ. ಬೆಂಕಿ ನಿಮ್ಮ ಸೈಟೊಳಗೇ ಹತ್ತಿದ್ದಾಗಿದ್ರೆ ಕೊಟ್ಟಿಗೆ, ಹಸು ಎಲ್ಲಾ ನಿಮ್ಮ ತಲೆ ಮೇಲೇ ಬರ್ತಿತ್ತು. ಇವಳೇ ಬೂದಿ ಹಾಕಿದೆ ಅಂತಾವ್ಳಲ್ಲ, ಹಾಗಾಗಿ ಅದು ಬೇರೆ ಥರ ಆಗುತ್ತೆ." ಪುಟ್ಟಸ್ವಾಮಿ ಪೆನ್ನನ್ನು ಕಾಗದದ ಮೇಲೆ ನಿಲ್ಲಿಸಿದ. "ಕೇಳಬೇಕು, ಕೇಳ್ತೀನಿ. ನಿನ್ನೆ ನಿಮ್ಮ ಕಡೆಯೋರು ಯಾರಾದ್ರೂ ಸೈಟ್ ಹತ್ರ ಬಂದಿದ್ರಾ?"

ಪಕ್ಕದಲ್ಲಿ ನಿಂತಿದ್ದ ಗಂಡ ವೃಷಭೇಂದ್ರಪ್ಪ ಗಂಟಲು ಸರಿಮಾಡಿಕೊಂಡ. ಅವನು ಮಾತು ತೆಗೆಯುವ ಮುನ್ನ ಹಾಗೆ ಮಾಡುವುದು ಗಿರಿಜಾಂಬಾಳಿಗೆ ಗೊತ್ತಿತ್ತು.

"ಇಲ್ಲ" ಎಂದಳು ಅವಳು.

ಪುಟ್ಟಸ್ವಾಮಿ ಬರೆದುಕೊಂಡ. ಅವಳು ಸಹಿ ಹಾಕಿದಳು. ಗಂಡನೂ ಹಾಕಿದ, ಹಾಕುವಾಗ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಪುಟ್ಟಮಾದಮ್ಮ ಎಡಗೈಯ ಹೆಬ್ಬೆಟ್ಟು ಒತ್ತಿದಳು.

ನಗರದ ಅಗ್ರಹಾರದಲ್ಲಿ ವೃಷಭೇಂದ್ರಪ್ಪನದು ಗ್ರಂಧಿಗೆ ಅಂಗಡಿ. ಅರಿಶಿನ, ಕುಂಕುಮ, ವಿಭೂತಿ ಗಟ್ಟಿ, ಊದುಬತ್ತಿ, ಕರ್ಪೂರ, ಮದುವೆಗೆ ಬೇಕಾದ ಬಾಸಿಂಗ, ಬಾಣಂತಿಗೆ ಬೇಕಾದ ಬಜೆಬೇರು, ಏನು ಕೇಳಿದರೂ ಸಿಗುವ ಕಿರಿದಾದ ಮಳಿಗೆ. ಮಧ್ಯಾಹ್ನ ಗಂಡ ಊಟಕ್ಕೆ ಎದ್ದರೆ ಗಲ್ಲಾದ ಮೇಲೆ ಗಿರಿಜಾಂಬಾ ಕೂರುತ್ತಿದ್ದಳು. ಬೋಗಾದಿಯ ಸೈಟು ಅವಳ ಹೆಸರಿನಲ್ಲಿತ್ತು, ಅವಳ ಬಳೆಗಳೇ ಸೈಟಾಗಿದ್ದವು. ಮಗಳು ಅಕ್ಷತಾಳಿಗೆ ಅಲ್ಲೊಂದು ಮನೆ ಎಂಬುದು ಅವಳ ಲೆಕ್ಕ. ಮನೆ ಕಟ್ಟಲು ಹಣ ಕೂಡುವವರೆಗೆ ಆ ಜಾಗ ಕೈತಪ್ಪದಂತೆ ನೋಡಿಕೊಳ್ಳುವುದೇ ಅವಳ ಉದ್ಯೋಗವಾಗಿತ್ತು.

ಆ ಭಯ ಸುಮ್ಮನೆ ಹುಟ್ಟಿದ್ದಲ್ಲ. ಅವಳ ತಂದೆ ಪಾಪ ಎಂದು ತಮ್ಮ ಹಿತ್ತಿಲಲ್ಲಿ ಒಬ್ಬನಿಗೆ ಹಸು ಕಟ್ಟಿಕೊಳ್ಳಲು ಬಿಟ್ಟಿದ್ದರು. ಮೊದಲು ಗೂಟ ಬಂತು, ಆಮೇಲೆ ಚಪ್ಪರ ಬಂತು, ಚಪ್ಪರದ ಮೇಲೆ ಹೆಂಚು ಬಂತು, ಕೊನೆಗೆ ಕೋರ್ಟಿನಿಂದ ಸಮನ್ಸು ಬಂತು. ಹಿತ್ತಿಲು ತನ್ನ ಸ್ವಾಧೀನಾನುಭವದಲ್ಲಿದೆ ಎಂದು ಆ ಮನುಷ್ಯ ಗೆದ್ದೂಬಿಟ್ಟ. ತಂದೆ ಸಾಯುವವರೆಗೂ ಹಿತ್ತಿಲ ಬಾಗಿಲು ತೆಗೆದು ನೋಡಲಿಲ್ಲ. ಗಿರಿಜಾಂಬಾಳಿಗೆ ಅಂದಿನಿಂದ ಹಸು ಎಂದರೆ ಹಾಲು ನೆನಪಾಗುವುದಕ್ಕಿಂತ ಮೊದಲು ಗೂಟ ನೆನಪಾಗುತ್ತಿತ್ತು.

ಆದ್ದರಿಂದಲೇ ಮಳೆಗಾಲದಲ್ಲಿ ಸೈಟಿನ ತುಂಬ ಹಸಿರು ಹುಲ್ಲು ಎದ್ದಾಗ, ಸೈಟಿನಾಚೆಯಿಂದ ಪುಟ್ಟಮಾದಮ್ಮ ಕುಡುಗೋಲು ಹಿಡಿದು ಬಂದು ಕೇಳಿದ್ದನ್ನು ಅವಳು ಕಿವಿಗೆ ಹಾಕಿಕೊಂಡಿರಲಿಲ್ಲ.

"ಸುಮ್ನೆ ಬೆಳೆದು ಒಣಗೋಯ್ತದೆ ಅಮ್ಮಾರೆ. ನಾನು ಕೊಯ್ಕತೀನಿ, ನಿಮ್ಗೂ ಜಾಗ ಚೊಕ್ಕಟಾಗಿರ್ತದೆ. ಬೇಕಾದ್ರೆ ದಿನಾ ಒಂದು ಪಾವು ಆಲು ತಂದುಕೊಡ್ತೀನಿ."

"ನಮಗೆ ಹಾಲು ಅಲ್ಲೇ ಸಿಗತ್ತೆ ಕಣಮ್ಮ" ಎಂದಿದ್ದಳು ಗಿರಿಜಾಂಬಾ. "ಜಾಗದೊಳಗೆ ಯಾರೂ ಕಾಲಿಡೋದು ಬೇಡ."

ಆ ವಾರವೇ ಆಳು ಕರೆಸಿ ಸುತ್ತಲೂ ಜಾಲಿ ಮುಳ್ಳು ಒಟ್ಟಿಸಿದಳು. ಗೇಟಿಗೆ ಹೊಸ ಬೀಗ ಬಂತು. "ಹುಲ್ಲು ತಾನೆ, ಕೊಯ್ಕೊಂಡ್ರೆ ಏನಾಯ್ತು ಗಿರಿಜಾ" ಎಂದು ವೃಷಭೇಂದ್ರಪ್ಪ ಮೆಲ್ಲಗೆ ಹೇಳಿ ನೋಡಿದ್ದ. "ನಿಮಗೇನು ಗೊತ್ತು, ನಮ್ಮಪ್ಪನೂ ಹೀಗೇ ಅಂದಿದ್ರು" ಎಂದ ಮೇಲೆ ಅವನು ಬಾಯಿ ಮುಚ್ಚಿಕೊಂಡ. ಪುಟ್ಟಮಾದಮ್ಮ ಅಂದಿನಿಂದ ಹುಲ್ಲಿಗಾಗಿ ಕೆರೆಯ ಕಡೆಗೆ ನಡೆಯತೊಡಗಿದಳು.

ಬೇಲಿ, ಬೀಗ ಸಾಲದೆಂದು ಗಿರಿಜಾಂಬಾ ಇನ್ನೊಂದು ಉಪಾಯವನ್ನೂ ಇಟ್ಟುಕೊಂಡಿದ್ದಳು. ಆಗಾಗ ಸೋಮವಾರ ಸಿಟಿ ಬಸ್ಸು ಹತ್ತಿ ಬಂದು ಸೈಟಿನ ಈಶಾನ್ಯದ ಮೂಲೆಗಲ್ಲಿಗೆ ಪೂಜೆ ಮಾಡುತ್ತಿದ್ದಳು. ಭಕ್ತಿ ಇತ್ತು, ಇಲ್ಲವೆನ್ನಲಾಗದು. ಆದರೆ ಅಕ್ಕಪಕ್ಕದವರು ನೋಡಲಿ, ಮಾಲೀಕರು ಬಂದು ಹೋಗುತ್ತಿರುತ್ತಾರೆ ಎಂದು ನಾಲ್ಕು ಜನಕ್ಕೆ ತಿಳಿಯಲಿ ಎಂಬ ಆಸೆ ಭಕ್ತಿಗಿಂತ ಒಂದು ತೂಕ ಹೆಚ್ಚೇ ಇತ್ತು. ಅದಕ್ಕೇ ಪೂಜೆ ತುಸು ಜೋರಾಗಿಯೇ ನಡೆಯುತ್ತಿತ್ತು. ಅಂಗಡಿಯವರ ಮನೆ, ಕರ್ಪೂರಕ್ಕೇನು ಬರವೇ.

ಶಿವರಾತ್ರಿ ಕಳೆದ ಸೋಮವಾರವೂ ಗಂಡ ಹೆಂಡತಿ ಇಬ್ಬರೂ ಬಂದಿದ್ದರು. ಎದುರು ಮನೆಗೆ ಬೀಗ ಬಿದ್ದಿತ್ತು, ಪ್ರೇಮಲೀಲಾ ಮಗಳ ಸ್ಕೂಲಿಗೆ ಹೋಗಿದ್ದಳು. ನೋಡುವವರಿಲ್ಲವಲ್ಲ ಎಂದು ಗಿರಿಜಾಂಬಾಳಿಗೆ ಕೊಂಚ ಬೇಜಾರೂ ಆಯಿತು. ಒಣಹುಲ್ಲನ್ನು ಕಾಲಿನಿಂದ ತುಳಿದು ದಾರಿ ಮಾಡಿಕೊಂಡು, ಕಲ್ಲಿನ ಸುತ್ತ ಒಂದಿಷ್ಟು ಕಿತ್ತು ಎಸೆದು, ಅರಿಶಿನ ಕುಂಕುಮ ಹಚ್ಚಿದಳು. ಬಾಳೆಹಣ್ಣಿಗೆ ಒಂದು ಹಿಡಿ ಊದುಬತ್ತಿ ಸಿಕ್ಕಿಸಿದಳು. ವೀಳ್ಯದೆಲೆಯ ಮೇಲೆ ಕರ್ಪೂರದ ಗುಡ್ಡೆಯಿಟ್ಟು ಹಚ್ಚಿದಳು. ವೃಷಭೇಂದ್ರಪ್ಪ ಕಾಯಿ ಒಡೆದು ನೀರನ್ನು ಲೋಟಕ್ಕೆ ಹಿಡಿದ.

ಗಾಳಿ ಎದ್ದಿತ್ತು. ಕರ್ಪೂರದ ನಾಲಗೆ ಒಂದು ಕಡೆಗೆ ವಾಲಿ ಉರಿಯುತ್ತಿತ್ತು. ಅಷ್ಟರಲ್ಲಿ ರಸ್ತೆಯ ತುದಿಯಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಆ ಬಸ್ಸು ಹೋದರೆ ಬಿಸಿಲಲ್ಲಿ ಬಹಳ ಹೊತ್ತು ಕಾಯಬೇಕು, ಅಂಗಡಿ ಬೇರೆ ಮುಚ್ಚಿ ಬಂದಿದ್ದರು.

"ಸ್ವಲ್ಪ ಇರು, ಈ ಕಾಯಿ ನೀರು ಹಾಕಿ ಆರಿಸಿಬಿಡ್ತೀನಿ" ಎಂದು ವೃಷಭೇಂದ್ರಪ್ಪ ಲೋಟ ಮುಂದೆ ಚಾಚಿದ.

ಗಿರಿಜಾಂಬಾ ಅವನ ಕೈ ಹಿಡಿದಳು. "ಶಿವ ಶಿವ, ಏನ್ರೀ ನೀವು. ದೇವರಿಗೆ ಹಚ್ಚಿದ್ದನ್ನ ಯಾರಾದ್ರೂ ಕೈಯಾರೆ ಆರಿಸ್ತಾರಾ? ಅದರ ಪಾಡಿಗೆ ಅದು ಆರತ್ತೆ, ಬನ್ನಿ."

ಅವನು ಕಾಯಿ ನೀರನ್ನು ಕುಡಿದ. ಅವಳು ಗೇಟು ಎಳೆದು ಬೀಗ ಹಾಕಿ, ಜಗ್ಗಿ ನೋಡಿ, ಬಸ್ಸಿಗೆ ಓಡಿದಳು. ಸಂಜೆ ಅಂಗಡಿಗೆ ಪ್ರೇಮಲೀಲಾಳ ಫೋನು ಬಂತು, ಸೈಟು ಹತ್ತಿ ಉರಿದುಹೋಯಿತೆಂದು.

ಮಹಜರು ಮುಗಿಸಿ ಮನೆಗೆ ಬಂದ ಮೇಲೂ ವೃಷಭೇಂದ್ರಪ್ಪ ಯಾಕೆ ಹಾಗಂದೆ ಎಂದು ಕೇಳಲಿಲ್ಲ. ಕೇಳಿದ್ದರೆ ಗಿರಿಜಾಂಬಾಳ ಬಳಿ ಉತ್ತರಗಳು ಸಾಲಾಗಿ ತಯಾರಿದ್ದವು. ಬೂದಿ ಹಾಕಿದ್ದು ಅವಳೇ ಒಪ್ಪಿಕೊಂಡಿದ್ದಾಳೆ. ಕರ್ಪೂರ ಎಷ್ಟು ಹೊತ್ತು ಉರಿದೀತು, ಆರಿರಲೇಬೇಕು. ಹುಲ್ಲಿಗೆ ಹೆದರಿ ಜಗತ್ತಿನಲ್ಲಿ ಯಾರಾದರೂ ಪೂಜೆ ಬಿಡುತ್ತಾರೆಯೇ. ಗಂಡ ಕೇಳದೇ ಹೋದದ್ದರಿಂದ ಈ ಉತ್ತರಗಳನ್ನೆಲ್ಲ ಅವಳು ತನಗೆ ತಾನೇ ಹೇಳಿಕೊಳ್ಳಬೇಕಾಯಿತು. ಹೇಳಿಕೊಂಡಷ್ಟೂ ಸಪ್ಪೆಯಾಗುತ್ತ ಹೋದವು. ಬೂದಿ ಸುರಿದ ಜಾಗ ಪುಟ್ಟಮಾದಮ್ಮನ ಮನೆಯ ಹಿಂಬದಿಗಿತ್ತು. ಮೂಲೆಗಲ್ಲು ಇದ್ದದ್ದು ಕೊಟ್ಟಿಗೆಯ ಪಕ್ಕ. ಹುಲ್ಲು ಬುಡದವರೆಗೂ ಉರಿದದ್ದು ಆ ಕಲ್ಲಿನ ಸುತ್ತಲೇ. ಅವಳು ಅದನ್ನು ತನ್ನ ಕಣ್ಣಿನಿಂದಲೇ ನೋಡಿ ಬಂದಿದ್ದಳು.

ವೃಷಭೇಂದ್ರಪ್ಪ ಮಾತ್ರ ಹೊಸದೊಂದು ಅಭ್ಯಾಸ ಹಚ್ಚಿಕೊಂಡ. ಬೆಳಿಗ್ಗೆ ಲಿಂಗಪೂಜೆ ಮುಗಿದ ಮೇಲೆ ಕರ್ಪೂರ ಬೆಳಗಿ ತಟ್ಟೆಯನ್ನು ಕೆಳಗಿಟ್ಟರೆ ಮೊದಲೆಲ್ಲ ಎದ್ದು ಅಂಗಡಿಗೆ ಹೊರಡುತ್ತಿದ್ದ. ಈಗ ಏಳುತ್ತಿರಲಿಲ್ಲ. ತಟ್ಟೆಯ ಮುಂದೆ ಕೂತು ಉರಿ ಸಣ್ಣದಾಗಿ, ನೀಲಿಯಾಗಿ, ಕೊನೆಗೆ ಕಪ್ಪು ಮಚ್ಚೆಯಾಗಿ ಉಳಿಯುವವರೆಗೂ ನೋಡುತ್ತಿದ್ದ.

"ತಿಂಡಿ ಆರಿಹೋಗ್ತಿದೆ, ಏಳಬಾರದಾ?" ಎಂದು ಅವಳು ಒಂದು ದಿನ ಗದರಿದಳು.

"ಆರಲಿ ಗಿರಿಜಾ" ಎಂದ ಅವನು. ತಿಂಡಿಗೆ ಹೇಳಿದ್ದಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅಡುಗೆಮನೆಗೆ ಹೋಗಿ ಬಾಗಿಲ ಹಿಂದೆ ನಿಂತು ಸೆರಗಿನಿಂದ ಮುಖ ಒತ್ತಿಕೊಂಡಳು.

ಯುಗಾದಿಯ ಬೇವು ಬೆಲ್ಲ ತಿಂದ ವಾರದಲ್ಲಿ ಪ್ರೇಮಲೀಲಾ ಫೋನು ಮಾಡಿದಳು. ಹುಲ್ಲೆಲ್ಲ ಹೋದದ್ದು ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು, ಈಗ ಹಾವಿನ ಕಾಟವಿಲ್ಲ ಎಂದು ನಕ್ಕಳು. ಆಮೇಲೆ ದನಿ ತಗ್ಗಿಸಿದಳು.

"ನಿಮಗೆ ಗೊತ್ತಾಯ್ತಾ? ನಾವೆಲ್ಲ ಆಯಮ್ಮನ ಹತ್ರ ಹಾಲು ಬಿಟ್ಟುಬಿಟ್ವಿ. ನಮ್ಮತ್ತೆ ಒಪ್ಪಲಿಲ್ಲ ಕಣ್ರೀ. ಬಸುರಿ ಹಸುವಂತೆ ಅದು. ಬೇಕಂತ ಮಾಡಿಲ್ಲ, ನಿಜ. ಆದ್ರೂ ಹಸು ಸುಟ್ಟ ಕೈಯಿಂದ ಹಾಲು ತಗೊಂಡು ದೇವರಿಗೆ ಹೇಗೆ ಇಡೋದು? ಒಬ್ಬರು ಬಿಟ್ಟ ಮೇಲೆ ಬೀದಿಯೋರೆಲ್ಲ ಬಿಟ್ಟರು. ಅವರ ಜನದಲ್ಲೂ ಹಾಗೇ ಅಂತೆ. ನಾದಿನಿ ಮಗಳ ಮದುವೆಗೆ ಹೋಗಿದ್ಲಂತೆ, ಅರಿಶಿನ ಕಲಸೋಕೆ ಕೂತೋಳನ್ನ ಎಬ್ಬಿಸಿಬಿಟ್ರಂತೆ."

ಗಿರಿಜಾಂಬಾ ರಿಸೀವರ್ ಇಟ್ಟ ಮೇಲೂ ಅದರ ಮೇಲಿನ ಕೈ ತೆಗೆಯಲಿಲ್ಲ. ಗಿರಾಕಿಯೊಬ್ಬರು ಕರ್ಪೂರ ಕೇಳಿದರು. ಅವಳು ಕುಂಕುಮ ಕಟ್ಟಿ ಕೊಟ್ಟಳು. ಅಂದು ಮಧ್ಯಾಹ್ನ ಅವಳಿಗೆ ಊಟ ಸೇರಲಿಲ್ಲ. ತಾನು ಆಡಿದ್ದು ಒಂದೇ ಮಾತು, ಅದೂ ಎರಡಕ್ಷರ ಮೀರದ ಮಾತು. ಆ ಮಾತು ಆ ಹೆಂಗಸಿನ ಹಿಂದೆ ಮದುವೆಮನೆಗೂ ಹೋಗಿ ಅವಳನ್ನು ಕೂತಲ್ಲಿಂದ ಎಬ್ಬಿಸಿತ್ತು.

ಸಂಜೆ ಅವಳು ಅಂಗಡಿಯ ಕಪಾಟಿನಿಂದ ಸುಟ್ಟಗಾಯದ ಎಣ್ಣೆಯ ಸೀಸೆ ತೆಗೆದು ಗಂಡನ ಮುಂದಿಟ್ಟಳು. "ನಾಳೆ ಹೋಗಿ ಆಯಮ್ಮನಿಗೆ ಕೊಟ್ಟು ಬರ್ತೀರಾ?"

ವೃಷಭೇಂದ್ರಪ್ಪ ಸೀಸೆಯನ್ನು ನೋಡಿದ, ಅವಳನ್ನು ನೋಡಿದ. ಇಷ್ಟು ದಿನಗಳಲ್ಲಿ ಅವಳ ಮುಖವನ್ನು ಅವನು ನೇರವಾಗಿ ನೋಡಿದ್ದು ಅದೇ ಮೊದಲು.

"ಅಂಗಡಿ ನಾನು ನೋಡ್ಕೊತೀನಿ" ಎಂದ. "ನೀನೇ ಕೊಟ್ಟು ಬಾ."

ಮರುದಿನ ಬೆಳಿಗ್ಗೆಯ ಬಸ್ಸಿನಲ್ಲಿ ಗಿರಿಜಾಂಬಾ ಬೋಗಾದಿಯಲ್ಲಿ ಇಳಿದಳು. ನಡುವೆ ಒಂದೆರಡು ಮಳೆ ಬಿದ್ದಿತ್ತು. ಸುಟ್ಟ ಸೈಟಿನ ಕಪ್ಪು ನೆಲದಿಂದ ಹುಲ್ಲು ಮತ್ತೆ ಹಸಿರಾಗಿ, ಹಿಂದಿಗಿಂತ ಒತ್ತಾಗಿ ಎದ್ದಿತ್ತು. ಅವಳು ಅದನ್ನು ಹೆಚ್ಚು ಹೊತ್ತು ನೋಡದೆ, ಗೇಟನ್ನು ದಾಟಿ, ಬಡಾವಣೆ ಮುಗಿದು ಊರು ಶುರುವಾಗುವಲ್ಲಿ ಎಡಕ್ಕೆ ತಿರುಗಿದಳು. ಪುಟ್ಟಮಾದಮ್ಮನ ಮನೆಯ ಮುಂದೆ ಅವಳು ಬಂದದ್ದು ಅದೇ ಮೊದಲು.

ಪುಟ್ಟಮಾದಮ್ಮ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಅವಳ ಮುಂದೆ ಒಲೆಯಿಂದ ತೆಗೆದ ಬೂದಿ ತುಂಬಿದ ಹಳೆ ಬಾಂಡ್ಲಿ ಇತ್ತು. ಚೊಂಬಿನಿಂದ ಅದಕ್ಕೆ ನೀರು ಸುರಿದಳು. ಕಡ್ಡಿಯಿಂದ ಕಲಕಿದಳು. ಮತ್ತೆ ನೀರು ಸುರಿದಳು. ಬೂದಿ ಕೆಸರಾಗಿ ಅಂಚಿನಿಂದ ಹರಿಯತೊಡಗಿದ ಮೇಲೆ ಗಾಯ ಮಾಗಿದ ಅಂಗೈಯನ್ನು ಅದರೊಳಗೆ ಇಳಿಸಿ, ಕಣ್ಣು ಮುಚ್ಚಿ, ಬಿಸಿ ಇದೆಯೇ ಎಂದು ಸುಮಾರು ಹೊತ್ತು ಮುಟ್ಟಿ ನೋಡಿದಳು. ಆಮೇಲೆ ಇನ್ನೊಂದು ಚೊಂಬು ನೀರಿಗೆ ಎದ್ದಳು. ಆಗ ಗಿರಿಜಾಂಬಾ ಕಾಣಿಸಿದಳು.

"ಅಯ್ಯೋ ಅಮ್ಮಾರು. ಬನ್ನಿ, ಬನ್ನಿ." ಸೆರಗಿನಿಂದ ಕೈಯೊರೆಸಿಕೊಂಡು ಜಗುಲಿಯ ಮೇಲೆ ಚಾಪೆ ಬಿಡಿಸಿದಳು. "ಕಾಪಿ ಕಾಯಿಸಾನ ಅಂದ್ರೆ, ನೀವು ನಮ್ಮನೇಲಿ ಕುಡಿದೀರೋ ಇಲ್ವೋ."

ಗಿರಿಜಾಂಬಾ ಕೂರಲಿಲ್ಲ. ಎಣ್ಣೆ ಸೀಸೆ ಕೊಟ್ಟಳು. ಆಮೇಲೆ ಸೊಂಟದ ಗಂಟಿನಿಂದ ಬೀಗದ ಕೈ ತೆಗೆದು ಅದನ್ನೂ ಮುಂದೆ ಹಿಡಿದಳು. "ಇದು ಸೈಟಿಂದು. ಇನ್ನು ಮೇಲೆ ಹುಲ್ಲು ನೀನೇ ಕೊಯ್ಕೊ, ಪುಟ್ಟಮಾದಮ್ಮ."

ಪುಟ್ಟಮಾದಮ್ಮ ಕೈಚಾಚಲಿಲ್ಲ. "ಕೊಯ್ದು ಯಾರಿಗೆ ಆಕಾನ ಅಮ್ಮಾರೆ? ಇರೋ ಒಂದು ಕರಿ ಅಸೂನೂ ಕೊಟ್ಬುಡು ಅಂತಾವ್ನೆ ನನ್ನ ಗಂಡ. ಆಲು ಕೇಳೋರಿಲ್ಲ. ಕರೀದೆ ಬುಟ್ರೆ ಕೆಚ್ಚಲು ಬಾತ್ಕತದೆ ಅಂತ ಕರೀತೀನಿ." ಬಾಗಿಲ ಪಕ್ಕದಲ್ಲಿ ಹಾಲಿನ ಕ್ಯಾನು ಮುಚ್ಚಳ ಮುಚ್ಚಿಕೊಂಡು ನಿಂತಿತ್ತು. ಅದರ ಮೇಲೆ ಅಳತೆಯ ಲೋಟ ಕವುಚಿ ಹಾಕಿತ್ತು.

ದಾರಿಯುದ್ದಕ್ಕೂ ಗಿರಿಜಾಂಬಾ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದಳು. ಗಾಳಿ ಇತ್ತು ಎನ್ನಬೇಕು, ಬಸ್ಸು ಬಂತು ಎನ್ನಬೇಕು, ತಂದೆಯ ಹಿತ್ತಿಲಿನ ಕತೆ ಹೇಳಬೇಕು ಎಂದಿತ್ತು. ನೀರಲ್ಲಿ ತೇಲುತ್ತಿದ್ದ ಬೂದಿಯನ್ನು ನೋಡಿದ ಮೇಲೆ ಅದೊಂದೂ ನಾಲಗೆಗೆ ಬರಲಿಲ್ಲ.

"ನಿನ್ನ ಬೂದಿಯಿಂದ ಆಗಿದ್ದಲ್ಲ ಅದು" ಎಂದಳು. "ಆವತ್ತು ಬೆಳಿಗ್ಗೆ ನಾವು ಬಂದಿದ್ವಿ. ಮೂಲೆಗಲ್ಲಿಗೆ ಪೂಜೆ ಮಾಡಿ ಕರ್ಪೂರ ಹಚ್ಚಿದ್ದೆ. ನಮ್ಮನೆಯವರು ಆರಿಸ್ತೀನಿ ಅಂದ್ರು, ನಾನೇ ಬಿಡಲಿಲ್ಲ. ಉರಿಯೋದನ್ನ ಹಾಗೇ ಬಿಟ್ಟು ಬೀಗ ಹಾಕ್ಕೊಂಡು ಹೋದೆ."

ಮನೆಯ ಹಿಂದಿನಿಂದ ಕರಿ ಹಸು ಒಮ್ಮೆ ಕೂಗಿತು. ಪುಟ್ಟಮಾದಮ್ಮ ಅತ್ತ ತಿರುಗಿ ನೋಡಿ, ಮತ್ತೆ ಗಿರಿಜಾಂಬಾಳನ್ನು ನೋಡಿದಳು.

"ಆ ಸೆಕ್ರೆಟ್ರಿ ಕೇಳುದ್ರಲ್ಲ" ಎಂದಳು ಕೊನೆಗೆ. "ಇಲ್ಲ ಅಂದ್ರಿ."

"ಹೆದರಿಕೆ ಆಯ್ತು."

"ನಾನೂ ಎದರ್ಕಂಡೇ ಇದ್ದೆ." ಅವಳು ಜಗುಲಿಯ ಅಂಚಿಗೆ ಕೂತಳು. "ಬೂದಿ ಸುರಿದದ್ದು ದಿಟ ಅಮ್ಮಾರೆ. ಆದ್ರೆ ನೀರು ಉಯ್ದಿದ್ನೋ ಇಲ್ವೋ ಅನ್ನದೇ ತಿಳೀದು. ಒಂದ್ಸಲ ಉಯ್ದಿದ್ದೆ ಅನ್ನಿಸ್ತದೆ. ಅಂಗೇ ಸುರಿದ್ಬುಟ್ಟೆ ಅನ್ನಿಸ್ತದೆ ಇನ್ನೊಂದ್ಸಲ. ನೆಪ್ಪು ಮಾಡ್ಕಂಡು ಮಾಡ್ಕಂಡು ತಲೆ ಕೆಟ್ಟೋಯ್ತು. ಕೆಂದಿ ಕಣ್ಣಿಗೆ ಬತ್ತದೆ. ನನ್ನೇ ನೋಡ್ತಿತ್ತು ಅದು, ಅಗ್ಗ ಬಿಚ್ಚಾಳು ಅಂತ."

ಗಿರಿಜಾಂಬಾಳ ಕಣ್ಣು ತುಂಬಿತು. ಅಳುವುದಕ್ಕೂ ತನಗೆ ಇಲ್ಲಿ ಅಧಿಕಾರವಿಲ್ಲ ಎನ್ನಿಸಿ ತಡೆದುಕೊಂಡಳು. "ನನ್ನ ಕ್ಷಮಿಸಿಬಿಡಮ್ಮ" ಎಂದಳು. ಅಷ್ಟು ಹೇಳಿದರೆ ಮುಗಿಯುತ್ತದೆ, ಎದೆಯ ಮೇಲಿನ ಭಾರ ಇಳಿಯುತ್ತದೆ ಎಂದೇ ಅವಳು ಬಂದದ್ದು. ಭಾರ ಇಳಿಯಲಿಲ್ಲ.

ಪುಟ್ಟಮಾದಮ್ಮ ಸೀಸೆಯನ್ನು ಚಾಪೆಯ ಮೇಲಿಟ್ಟಳು. ಸಿಟ್ಟಿನಿಂದ ಇಟ್ಟದ್ದಲ್ಲ, ಸುಮ್ಮನೆ ಇಟ್ಟಳು. "ನನ್ನೊಬ್ಳಿಗೆ ಯೋಳುದ್ರೆ ನನಗೇನು ಬಂತು ಅಮ್ಮಾರೆ? ನನ್ನ ಗಂಡನಿಗೆ ಯೋಳಿ. ಆ ಎದುರು ಮನೆ ಅಮ್ಮಂಗೆ ಯೋಳಿ. ನಾನು ಓಗಿ ಯೋಳುದ್ರೆ ತಪ್ಪಿಸ್ಕಳಕೆ ಯೋಳ್ತಾವ್ಳೆ ಅಂತಾರೆ. ನಿಮ್ಮ ಬಾಯಲ್ಲಿ ಬಂದ್ರೆ ಕೇಳ್ತಾರೆ."

ಪುಟ್ಟಸ್ವಾಮಿಯ ಮಾತು ಗಿರಿಜಾಂಬಾಳ ಕಿವಿಯಲ್ಲಿ ಮತ್ತೆ ಕೇಳಿಸಿತು, ಎಲ್ಲಾ ನಿಮ್ಮ ತಲೆ ಮೇಲೇ ಬರ್ತಿತ್ತು. ಎಲ್ಲ ತಲೆಯ ಮೇಲೆ ಬಂದರೆ ಸೈಟು ಉಳಿಯುತ್ತದೋ ಇಲ್ಲವೋ ತಿಳಿಯದು. ಸುಳ್ಳು ಸಹಿಗೆ ಏನು ಶಿಕ್ಷೆಯೋ ಅದೂ ತಿಳಿಯದು. ಅಕ್ಷತಾಳಿಗೆ ಏನು ಹೇಳುವುದು, ಬೀದಿಯವರ ಮುಖ ನೋಡುವುದು ಹೇಗೆ. ಒಂದು ಗೂಟಕ್ಕೆ ಹೆದರಿ ಇಷ್ಟೆಲ್ಲ ಕಾವಲು ಕಾದವಳು ತಾನೇ ತನ್ನ ಬಾಯಿಂದ ಜಾಗವನ್ನು ಕಳೆದುಕೊಳ್ಳಬೇಕಾಗಿತ್ತು. ಬಾಂಡ್ಲಿಯ ಅಂಚಿನಿಂದ ಬೂದಿನೀರು ಅಂಗಳದ ಮಣ್ಣಿನ ಮೇಲೆ ಸಣ್ಣಗೆ ಹರಿದು ಬರುತ್ತಿತ್ತು.

"ನಿನ್ನ ಗಂಡ ಎಲ್ಲಿ?" ಎಂದು ಕೇಳಿದಳು.

"ಆ ಎದುರು ಮನೆ ಹಿಂದ್ಗಡೇನೆ ಗಾರೆ ಕೆಲ್ಸ."

"ಪ್ರೇಮಲೀಲಾ ಮನೇಲಿದ್ದಾರಾ?"

"ಅವ್ರೆ. ಈಗ್ತಾನೆ ಅಂಗಳ ತೊಳೀತಿದ್ರು."

"ಪಂಚಾಯ್ತಿ ಆಫೀಸು ಎಷ್ಟು ಹೊತ್ತಿಗೆ ತೆಗೀತಾರೆ?"

ಪುಟ್ಟಮಾದಮ್ಮ ಅವಳ ಮುಖವನ್ನೇ ನೋಡಿದಳು. "ತಡ ಅದೆ ಇನ್ನ."

"ಮೊದಲು ಪ್ರೇಮಲೀಲಾ ಮನೆಗೆ ಹೋಗೋಣ ಬಾ. ಕ್ಯಾನೂ ತಗೊ."

ಪುಟ್ಟಮಾದಮ್ಮ ಕ್ಯಾನನ್ನು ಎಡಗೈಯಲ್ಲಿ ಎತ್ತಿಕೊಂಡಳು. ಇಬ್ಬರೂ ಊರಿನ ಮಣ್ಣು ದಾರಿ ಬಿಟ್ಟು ಬಡಾವಣೆಯ ರಸ್ತೆಗೆ ಬಂದರು. ಸೈಟಿನ ಉದ್ದಕ್ಕೂ ನಡೆದರು. ಕ್ಯಾನಿನ ಮೇಲಿನ ಲೋಟ ಹೆಜ್ಜೆಹೆಜ್ಜೆಗೂ ಟಣಕ್ಕೆನ್ನುತ್ತಿತ್ತು. ಕಲ್ಲೇಟು ತಿಂದ ಬೀಗದ ಮುಂದೆ ಗಿರಿಜಾಂಬಾ ಒಂದು ಕ್ಷಣ ನಿಂತಳು, ಕೈಯಲ್ಲಿ ಇನ್ನೂ ಹಿಡಿದೇ ಇದ್ದ ಬೀಗದ ಕೈಯಿಂದ ಅದನ್ನು ತೆಗೆದು, ಗೇಟನ್ನು ಒಳಕ್ಕೆ ತಳ್ಳಿ ಹಾಗೇ ಬಿಟ್ಟಳು.

ಪ್ರೇಮಲೀಲಾಳ ಮನೆಯ ಮುಂದೆ ಹೊಸ ರಂಗೋಲಿ ಇತ್ತು. ಅದನ್ನು ತುಳಿಯದಂತೆ ಬಳಸಿ ಗಿರಿಜಾಂಬಾ ಮೆಟ್ಟಿಲು ಹತ್ತಿದಳು. ಪುಟ್ಟಮಾದಮ್ಮ ರಂಗೋಲಿಯ ಈಚೆಗೇ ನಿಂತಳು. ಮನೆಯ ಹಿಂದೆ ಕರಣೆ ಕಲ್ಲಿಗೆ ತಾಗುವ ಸದ್ದು ಕೇಳುತ್ತಿತ್ತು. ಗಿರಿಜಾಂಬಾ ಬೆಲ್ಲು ಒತ್ತಿದಳು. ಒಳಗಿನಿಂದ "ಯಾರು, ಬಂದೆ" ಎಂಬ ದನಿಯೂ ಚಪ್ಪಲಿ ಎಳೆಯುತ್ತ ಬರುವ ಸಪ್ಪಳವೂ ಕೇಳಿಸಿತು.

ಅವಳು ಹಿಂತಿರುಗಿ ನೋಡಿದಳು. ಪುಟ್ಟಮಾದಮ್ಮ ಕ್ಯಾನನ್ನು ನೆಲಕ್ಕಿಳಿಸಿ, ಅಳತೆಯ ಲೋಟವನ್ನು ಸೆರಗಿನಿಂದ ಒರೆಸಿ, ಸುಟ್ಟ ಕೈಯಿಂದ ಮುಚ್ಚಳ ತೆಗೆಯುತ್ತಿದ್ದಳು.